ಒಂದೇ ತೂಕ, ಎರಡು ಮೈಕಟ್ಟು: ದೇಹ ಕೊಬ್ಬನ್ನು ಎಲ್ಲಿಡುತ್ತದೆ, ಏಕೆ?

ಪ್ರಶ್ನೆ: ನನಗೆ 41 ವರ್ಷ, ಅಕ್ಕನಿಗೆ 44. ಇಬ್ಬರ ಎತ್ತರವೂ ತೂಕವೂ ಹೆಚ್ಚುಕಡಿಮೆ ಒಂದೇ. ಆದರೆ ಅಕ್ಕನಿಗೆ ಕೊಬ್ಬು ಸೇರುವುದು ಸೊಂಟದ ಕೆಳಗೆ, ತೊಡೆಗಳಲ್ಲಿ. ನನಗೆ ಎಲ್ಲವೂ ಹೊಟ್ಟೆಗೇ. ಆರು ತಿಂಗಳಿಂದ ದಿನವೂ ಹೊಟ್ಟೆಯ ವ್ಯಾಯಾಮ ಮಾಡುತ್ತಿದ್ದೇನೆ. ಮುಖ ಇಳಿದಿದೆ, ಹೊಟ್ಟೆ ಹಾಗೇ ಇದೆ. ಕೊಬ್ಬು ಎಲ್ಲಿ ಸೇರಬೇಕೆಂಬುದು ಹೇಗೆ ತೀರ್ಮಾನವಾಗುತ್ತದೆ? ಹೊಟ್ಟೆಯ ಕೊಬ್ಬೇ ಹೆಚ್ಚು ಅಪಾಯಕಾರಿ ಎನ್ನುವುದು ನಿಜವೇ?

ಉತ್ತರ: ಮೊದಲಿಗೆ ನಿಮ್ಮ ಮನಸ್ಸಿನ ಭಾರವನ್ನು ಸ್ವಲ್ಪ ಇಳಿಸುತ್ತೇನೆ. ಕೊಬ್ಬು ನಿಮ್ಮ ಹೊಟ್ಟೆಗೆ ಹೋಗಿ ಅಕ್ಕನ ತೊಡೆಗೆ ಹೋಗುತ್ತಿರುವುದು ನಿಮ್ಮ ಶಿಸ್ತಿನ ಕೊರತೆಯಿಂದಲ್ಲ. ಒಟ್ಟು ಎಷ್ಟು ಕೊಬ್ಬು ಸೇರುತ್ತದೆ ಎಂಬುದರಲ್ಲಿ ನಮ್ಮ ಊಟ ಮತ್ತು ಓಡಾಟಗಳಿಗೆ ದೊಡ್ಡ ಪಾತ್ರವಿದೆ. ಅದು ಎಲ್ಲಿ ಸೇರುತ್ತದೆ ಎಂಬುದನ್ನು ಬಹುಪಾಲು ವಂಶವಾಹಿಗಳು, ಲಿಂಗ, ವಯಸ್ಸು ಮತ್ತು ಹಾರ್ಮೋನುಗಳು ಸೇರಿ ತೀರ್ಮಾನಿಸುತ್ತವೆ. ಒಂದೇ ತಂದೆತಾಯಿಯ ಮಕ್ಕಳಾದರೂ ನಿಮ್ಮಿಬ್ಬರಿಗೂ ಸಮನಾಗಿ ಹಂಚಿಕೆಯಾಗಿರುವುದು ಸರಾಸರಿ ಅರ್ಧದಷ್ಟು ವಂಶವಾಹಿ ರೂಪಗಳು ಮಾತ್ರ. ಉಳಿದರ್ಧದಲ್ಲಿ ಇಂತಹ ವ್ಯತ್ಯಾಸಗಳಿಗೆ ಬೇಕಾದಷ್ಟು ಎಡೆಯಿದೆ.

ಕೊಬ್ಬನ್ನು ವ್ಯರ್ಥ ವಸ್ತುವೆಂದು ನೋಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅದು ಜೀವಂತ ಅಂಗಾಂಶ ಎಂಬುದೇ ಮರೆತುಹೋಗುತ್ತದೆ. ಸೂಕ್ಷ್ಮದರ್ಶಕದಡಿಯಲ್ಲಿ ಕೊಬ್ಬಿನ ಜೀವಕೋಶವನ್ನು ನೋಡಿದರೆ ಅದರ ಹೊಟ್ಟೆಯ ತುಂಬ ಒಂದೇ ಒಂದು ದೊಡ್ಡ ಎಣ್ಣೆಯ ಹನಿ ಕಾಣುತ್ತದೆ. ಕೋಶಕೇಂದ್ರ ಅಂಚಿಗೆ ಒತ್ತರಿಸಲ್ಪಟ್ಟು, ಹರಳು ಕೂರಿಸಿದ ಉಂಗುರದಂತೆ ತೋರುತ್ತದೆ. ಆ ಹನಿಯೇ ಟ್ರೈಗ್ಲಿಸರೈಡ್, ಅಂದರೆ ಒಂದು ಗ್ಲಿಸರಾಲ್ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಜೋಡಿಸಿಕೊಂಡ ರೂಪ. ಜೀವಕೋಶ ಚಿಕ್ಕದಿದ್ದಾಗ ಬರಿಗಣ್ಣಿಗೆ ಕಾಣುವುದೇ ಇಲ್ಲ. ತುಂಬಿಕೊಂಡಾಗ ಅದರ ಅಡ್ಡಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನೂ ದಾಟಬಲ್ಲದು. ದೇಹದ ಬೇರೆ ಯಾವ ಜೀವಕೋಶವೂ ತನ್ನ ಗಾತ್ರವನ್ನು ಇಷ್ಟು ಸಲೀಸಾಗಿ ಹಿಗ್ಗಿಸಿ ಕುಗ್ಗಿಸಿಕೊಳ್ಳುವುದಿಲ್ಲ.

ಇಂತಹ ಉಗ್ರಾಣ ಏಕೆ ಬೇಕಾಯಿತು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ ಶಕ್ತಿಯಿದ್ದರೆ ಪಿಷ್ಟ, ಸಕ್ಕರೆಗಳಲ್ಲಿ ಇರುವುದು 4. ಅದರ ಮೇಲೆ, ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಾಗ ಅದರ ತೂಕದ ಸುಮಾರು ಮೂರು ಪಟ್ಟು ನೀರೂ ಜೊತೆಗೆ ಇರಬೇಕಾಗುತ್ತದೆ, ಕೊಬ್ಬಿಗೆ ಆ ನೀರು ಬೇಡ. ಹದಿನೈದು ಕಿಲೋ ಕೊಬ್ಬಿನಲ್ಲಿರುವ ಶಕ್ತಿಯನ್ನು ಗ್ಲೈಕೋಜನ್ ಆಗಿ ಹೊರಬೇಕಾಗಿದ್ದರೆ ನಮ್ಮ ಹೊರೆ ನೂರು ಕಿಲೋವನ್ನೂ ಮೀರುತ್ತಿತ್ತು, ನಡೆಯುವುದೇ ಕಷ್ಟವಾಗುತ್ತಿತ್ತು.

ಈಗ ಜಾಗಗಳ ವಿಚಾರಕ್ಕೆ ಬರೋಣ. ದೇಹದ ಕೊಬ್ಬಿನ ಸುಮಾರು ಶೇ. 80 ಭಾಗ ಚರ್ಮದ ಅಡಿಯಲ್ಲಿರುತ್ತದೆ. ಹೊಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದೆತ್ತಿದಾಗ ಸಿಗುವುದು ಇದೇ. ಉಳಿದದ್ದರಲ್ಲಿ ಮುಖ್ಯವಾದುದು ಒಳಾಂಗಗಳ ಸುತ್ತಲಿನ ಕೊಬ್ಬು. ಇದು ಹೊಟ್ಟೆಯ ಸ್ನಾಯುಗಳ ಗೋಡೆಗಿಂತ ಒಳಗೆ ಇರುವುದರಿಂದ ಬೆರಳಿಗೆ ಸಿಕ್ಕುವುದಿಲ್ಲ. ಗಂಡಸರಲ್ಲಿ ಒಟ್ಟು ಕೊಬ್ಬಿನ ಶೇ. 10ರಿಂದ 20, ಹೆಂಗಸರಲ್ಲಿ ಶೇ. 5ರಿಂದ 8 ಇಂತಹ ಒಳಕೊಬ್ಬು. ವಿದ್ಯಾರ್ಥಿದೆಸೆಯಲ್ಲಿ ಮೊದಲ ಬಾರಿಗೆ ಶವಛೇದನದ ಕೋಣೆಯಲ್ಲಿ ಹೊಟ್ಟೆಯ ಗೋಡೆಯನ್ನು ಬಿಡಿಸಿದಾಗ ಕಂಡದ್ದು ಕರುಳಲ್ಲ. ಕರುಳಿನ ಮುಂದೆ ಜಠರದಿಂದ ಕೆಳಕ್ಕೆ ಇಳಿಬಿದ್ದಿದ್ದ, ಹಳದಿ ಬಣ್ಣದ, ಜಾಲಿಯಂತೆ ರಕ್ತನಾಳಗಳು ಹಾಯ್ದಿದ್ದ ಒಂದು ತೆಳುಪರದೆ. ಅದಕ್ಕೆ ಒಮೆಂಟಮ್ ಎನ್ನುತ್ತಾರೆ. ತೆಳ್ಳಗಿರುವವರಲ್ಲಿ ಅದರ ಮೂಲಕ ಹಿಂದಿನ ಕರುಳು ಮಸುಕಾಗಿ ಕಾಣುತ್ತದೆ. ಬೊಜ್ಜು ಬಂದವರಲ್ಲಿ ಅದು ಅಂಗೈಯಷ್ಟು ದಪ್ಪವಾಗಿ ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ದೂಡುತ್ತದೆ. ಆ ದೃಶ್ಯವನ್ನು ಕಂಡಮೇಲೆ ಹೊಟ್ಟೆಯ ಕೊಬ್ಬು ಎಂದರೆ ಒಂದೇ ವಸ್ತು ಎಂದು ನನಗೆ ಎಂದೂ ಅನ್ನಿಸಿಲ್ಲ.

ಕೊಬ್ಬು ಇರುವ ಜಾಗಗಳು ಇವೆರಡೇ ಅಲ್ಲ. ಮೂತ್ರಪಿಂಡಗಳ ಸುತ್ತ, ಹೃದಯದ ಮೇಲ್ಮೈಯಲ್ಲಿ, ಕಣ್ಣುಗುಡ್ಡೆಯ ಹಿಂದೆ, ಹಿಮ್ಮಡಿಯಲ್ಲಿ ಸಹ ಕೊಬ್ಬಿದೆ. ಹಿಮ್ಮಡಿಯ ಕೊಬ್ಬು ಮೆತ್ತೆಯ ಕೆಲಸ ಮಾಡುವುದರಿಂದ ಉಪವಾಸದಲ್ಲೂ ಅಷ್ಟು ಬೇಗ ಕರಗುವುದಿಲ್ಲ. ಮೂಳೆಯ ಮಜ್ಜೆಯಲ್ಲೂ ಕೊಬ್ಬಿದೆ, ಮತ್ತು ವಿಚಿತ್ರವೆಂದರೆ ದೀರ್ಘಕಾಲ ಊಟ ಬಿಟ್ಟು ದೇಹ ಸೊರಗಿದವರಲ್ಲಿ, ಉಳಿದೆಲ್ಲ ಕಡೆ ಕೊಬ್ಬು ಇಳಿದಿದ್ದರೂ, ಮಜ್ಜೆಯ ಕೊಬ್ಬು ಹೆಚ್ಚುತ್ತದೆ. ಇನ್ನು ಶಾಖ ಉತ್ಪಾದಿಸುವ ಕಂದು ಕೊಬ್ಬು ಬೇರೆಯೇ ಜಾತಿ. ನವಜಾತ ಶಿಶುವಿನ ಬೆನ್ನಿನಲ್ಲಿ ಹೆಚ್ಚಾಗಿರುವ ಇದು ವಯಸ್ಕರ ಕೊರಳು, ಕೊರಳೆಲುಬಿನ (ಕಾಲರ್‌ಬೋನ್) ಮೇಲ್ಭಾಗಗಳಲ್ಲೂ ಸ್ವಲ್ಪ ಉಳಿದಿರುತ್ತದೆ ಎಂಬುದು 2009ರಲ್ಲಿ ದೃಢಪಟ್ಟಿತು. ನಿಮ್ಮ ಪ್ರಶ್ನೆಗೆ ಇದರ ಸಂಬಂಧ ಕಡಿಮೆಯಾದ್ದರಿಂದ ಇಷ್ಟಕ್ಕೆ ಬಿಡುತ್ತೇನೆ.

ಊಟದ ಕೊಬ್ಬು ಒಂದು ಜಾಗಕ್ಕೆ ಹೇಗೆ ಇಳಿಯುತ್ತದೆ ಎಂಬುದನ್ನು ಈಗ ನೋಡೋಣ, ಏಕೆಂದರೆ ನಿಮ್ಮಿಬ್ಬರ ಅಂತರದ ಮೂಲ ಇಲ್ಲಿದೆ. ಊಟವಾದ ಮೇಲೆ ರಕ್ತದಲ್ಲಿ ಹರಿಯುವ ಕೊಬ್ಬಿನ ಕಣಗಳು ನೇರವಾಗಿ ಜೀವಕೋಶದೊಳಕ್ಕೆ ಹೋಗಲಾರವು. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಗೆ ಅಂಟಿಕೊಂಡಿರುವ ಲಿಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವ ಆ ಕಣಗಳನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸಿಕೊಟ್ಟರೆ ಮಾತ್ರ ಜೀವಕೋಶ ಅವನ್ನು ಒಳಗೆಳೆದುಕೊಂಡು ಮತ್ತೆ ಟ್ರೈಗ್ಲಿಸರೈಡ್ ಆಗಿ ಕಟ್ಟುತ್ತದೆ. ಹಾಗಾಗಿ ಈ ಕಿಣ್ವ ಎಲ್ಲಿ ಚುರುಕಾಗಿದೆಯೋ ಅಲ್ಲಿಗೆ ಕೊಬ್ಬಿನ ಪಾಲು ಹೆಚ್ಚು. ಹೆಂಗಸರ ಪ್ರಜನನ ವಯಸ್ಸಿನಲ್ಲಿ ಸೊಂಟ, ತೊಡೆಗಳ ಭಾಗದಲ್ಲಿ ಇದು ಚುರುಕಾಗಿರುತ್ತದೆ.

ಹೊರಗೆ ಬಿಡುವ ಬಾಗಿಲಿನ ವಿಧಾನವೂ ಬೇರೆ. ಹಸಿವಾದಾಗ, ಓಡಾಡಿದಾಗ, ಭಯಗೊಂಡಾಗ ಅಡ್ರಿನಲಿನ್ ಬಂದು ಕೊಬ್ಬಿನ ಜೀವಕೋಶದ ಮೇಲ್ಮೈಯ ಗ್ರಾಹಕಗಳನ್ನು ತಟ್ಟುತ್ತದೆ. ಬೀಟಾ ವರ್ಗದ ಗ್ರಾಹಕಗಳು ‘ಬಿಡುಗಡೆ ಮಾಡು’ ಎನ್ನುತ್ತವೆ. ಆಲ್ಫಾ-2 ವರ್ಗದವು ‘ತಡೆ’ ಎನ್ನುತ್ತವೆ. ತೊಡೆಯ ಜೀವಕೋಶಗಳಲ್ಲಿ ತಡೆಯುವ ಗ್ರಾಹಕಗಳ ಪಾಲು ಹೆಚ್ಚು, ಒಳಹೊಟ್ಟೆಯ ಜೀವಕೋಶಗಳಲ್ಲಿ ಬಿಡುಗಡೆಯ ಗ್ರಾಹಕಗಳ ಒಲವು ಹೆಚ್ಚು. ಅದೇ ಅಡ್ರಿನಲಿನ್ ಒಂದೆಡೆ ಕೊಬ್ಬನ್ನು ಹೊರಡಿಸಿದರೆ ಇನ್ನೊಂದೆಡೆ ಕದಲಿಸುವುದಿಲ್ಲ ಎಂಬುದಕ್ಕೆ ಇದೇ ಕಾರಣ. ನಿಮ್ಮ ಅಕ್ಕನ ತೊಡೆಯ ಕೊಬ್ಬು ಜಿಗುಟಾಗಿರುವುದೂ ಇದರಿಂದಲೇ, ಆದರೆ ಈ ಜಿಗುಟುತನ ಎಲ್ಲ ಕಾಲಕ್ಕೂ ಒಂದೇ ತೆರನಾಗಿರುವುದಿಲ್ಲ. ಮಗುವಿಗೆ ಹಾಲೂಡುವ ತಿಂಗಳುಗಳಲ್ಲಿ ತೊಡೆಯಲ್ಲಿ ಲಿಪೊಪ್ರೋಟೀನ್ ಲೈಪೇಸ್ ಮಂಕಾಗಿ, ಕೂಡಿಟ್ಟದ್ದರ ಬಿಡುಗಡೆ ಸುಲಭವಾಗುತ್ತದೆ. ಆ ಕೊಬ್ಬಿನಾಮ್ಲಗಳಲ್ಲಿ ಕೆಲವು ಎದೆಹಾಲಿಗೆ ಸೇರುತ್ತವೆ. ಬಹುಕಾಲ ತೆರೆಯದೆ ಇದ್ದ ಉಗ್ರಾಣವೊಂದು ಹೀಗೆ ಬೇಕಾದ ಹೊತ್ತಿಗೆ ತೆರೆದುಕೊಳ್ಳುವುದನ್ನು ಕಂಡರೆ, ತೊಡೆಯ ಕೊಬ್ಬಿನ ಬಗ್ಗೆ ಇರುವ ನಮ್ಮ ಅಸಹನೆಯಲ್ಲಿ ಅರ್ಧ ತಪ್ಪಿದೆಯೆಂದು ನಾನು ನಂಬುತ್ತೇನೆ.

ಈ ಗ್ರಾಹಕಗಳೂ ಕಿಣ್ವಗಳೂ ಹಾರ್ಮೋನುಗಳ ಮಾತು ಕೇಳುತ್ತವೆ. ಹರೆಯ ಬರುವ ತನಕ ಹುಡುಗ ಹುಡುಗಿಯರ ಕೊಬ್ಬಿನ ಹಂಚಿಕೆಯಲ್ಲಿ ಅಂತಹ ದೊಡ್ಡ ಭೇದವಿರುವುದಿಲ್ಲ. ಹುಡುಗಿಯರಲ್ಲಿ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಏರಿದ ಮೇಲೆ ಸೊಂಟದ ಕೆಳಗೆ ತುಂಬಿಕೊಳ್ಳತೊಡಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿದಾಗ, ತೂಕ ಹೆಚ್ಚದಿದ್ದರೂ ಕೊಬ್ಬು ಒಳಹೊಟ್ಟೆಯ ಕಡೆಗೆ ವಾಲುತ್ತದೆ. ನಿಮಗೂ ಅಕ್ಕನಿಗೂ ಆ ಬದಲಾವಣೆ ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ವೇಗದಲ್ಲಿ ಬರಬಹುದು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇನ್ನೊಂದು ಸಾಕ್ಷಿ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1932ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಕಾರ್ಟಿಸಾಲ್ ಮಿತಿಮೀರಿ ಹರಿದು, ಮುಖ ಗುಂಡಗಾಗಿ, ಕತ್ತಿನ ಹಿಂಭಾಗವೂ ಹೊಟ್ಟೆಯೂ ದಪ್ಪಗಾಗಿ, ಕೈಕಾಲುಗಳು ಮಾತ್ರ ಸಣ್ಣಗಾಗುತ್ತವೆ. ಸ್ಟೀರಾಯ್ಡ್ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡವರಲ್ಲೂ ಇದೇ ರೂಪ ಕಾಣುತ್ತದೆ. ಒಂದೇ ಹಾರ್ಮೋನು ಒಂದು ಕಡೆ ತುಂಬಿಸಿ ಇನ್ನೊಂದು ಕಡೆ ಬರಿದು ಮಾಡುತ್ತದೆಯೆಂದರೆ, ಬೇರೆ ಬೇರೆ ಜಾಗದ ಕೊಬ್ಬು ಒಂದೇ ಸ್ವಭಾವದ್ದಲ್ಲ ಎಂದಾಯಿತು.

ಆ ಸ್ವಭಾವ ಎಷ್ಟು ಆಳವಾದದ್ದು ಎಂಬುದನ್ನು ಪುನರ್ನಿರ್ಮಾಣ ಶಸ್ತ್ರಚಿಕಿತ್ಸಕರು ಕಣ್ಣಾರೆ ನೋಡುತ್ತಾರೆ. ಹೊಟ್ಟೆಯ ಚರ್ಮವನ್ನು ಕೊಬ್ಬಿನ ಸಮೇತ ತೆಗೆದು ಗಾಯಗೊಂಡ ಕೈಯ ಮೇಲೆ ಕೂರಿಸಿದ್ದರೆ, ವರ್ಷಗಳ ನಂತರ ಆ ವ್ಯಕ್ತಿ ದಪ್ಪಗಾದಾಗ ಕೈಯ ಮೇಲಿನ ಆ ತುಂಡೂ ಹೊಟ್ಟೆಯಂತೆಯೇ ಉಬ್ಬುತ್ತದೆ. ಜಾಗ ಬದಲಾದರೂ ಹುಟ್ಟಿದ ಜಾಗದ ನೆನಪು ಹೋಗುವುದಿಲ್ಲ.

ವಂಶವಾಹಿಗಳ ಪಾತ್ರಕ್ಕೆ ನಾನು ಸದಾ ನೆನಪಿಸಿಕೊಳ್ಳುವ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು. ಕೆನಡಾದ ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾಲಯದಲ್ಲಿ ಕ್ಲಾಡ್ ಬೂಶಾರ್ ಮತ್ತು ಸಂಗಡಿಗರು 12 ಜೋಡಿ ತದ್ರೂಪಿ ಅವಳಿ ಯುವಕರಿಗೆ, 100 ದಿನಗಳ ಅವಧಿಯಲ್ಲಿ ವಾರಕ್ಕೆ ಆರು ದಿನ, ದೇಹಕ್ಕೆ ಬೇಕಾದುದಕ್ಕಿಂತ 1000 ಕಿಲೋಕ್ಯಾಲರಿ ಹೆಚ್ಚು ಆಹಾರ ಕೊಟ್ಟರು. ಎಲ್ಲರಿಗೂ ಒಂದೇ ಹೆಚ್ಚುವರಿ. ಆದರೆ ಒಬ್ಬರ ತೂಕ 4.3 ಕಿಲೋ ಏರಿದರೆ ಇನ್ನೊಬ್ಬರದು 13.3 ಕಿಲೋ ಏರಿತು. ಏರಿಕೆಯ ಪ್ರಮಾಣ ಅವಳಿಗಳಲ್ಲಿ ಒಬ್ಬರಿಗೊಬ್ಬರದು ಹೋಲುತ್ತಿತ್ತು. ಅದಕ್ಕಿಂತಲೂ ಗಾಢವಾಗಿ ಹೋಲುತ್ತಿದ್ದುದು ಕೊಬ್ಬು ಒಳಹೊಟ್ಟೆಗೆ ಸೇರಿತೋ ಚರ್ಮದಡಿಗೆ ಸೇರಿತೋ ಎಂಬುದು. ಡಿಎನ್‌ಎಯ ಒಂದೇ ಅಕ್ಷರದ ಲೋಪ ಏನು ಮಾಡಬಲ್ಲದು ಎಂಬುದಕ್ಕೆ ಎಲ್‌ಎಮ್‌ಎನ್‌ಎ ಎಂಬ ವಂಶವಾಹಿಯ ದೋಷ ನಿದರ್ಶನ: ಬಾಲ್ಯದಲ್ಲಿ ಸಾಮಾನ್ಯ ಮೈಕಟ್ಟು ಇರುವ ಹುಡುಗಿಯ ಕೈಕಾಲುಗಳ ಕೊಬ್ಬು ಹರೆಯದಲ್ಲಿ ಕರಗಿಹೋಗಿ, ಮುಖ ಮತ್ತು ಕತ್ತಿನಲ್ಲಿ ಮಾತ್ರ ಕೂಡಿಕೊಳ್ಳುತ್ತದೆ. ಸಾಮಾನ್ಯ ಜನರಲ್ಲಿ ಹೀಗೆ ಒಂದೇ ದೊಡ್ಡ ಕಾರಣವಿರುವುದಿಲ್ಲ; ಡಿಎನ್‌ಎಯಲ್ಲಿ ಸಣ್ಣ ಸಣ್ಣ ಪ್ರಭಾವ ಬೀರುವ ನೂರಾರು ತಾಣಗಳಿವೆ, ಅವುಗಳಲ್ಲಿ ಹಲವು ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು ಬಲವಾಗಿ ಕೆಲಸ ಮಾಡುತ್ತವೆ.

ಕೊಬ್ಬು ಹೆಚ್ಚುವುದೆಂದರೆ ಇದ್ದ ಜೀವಕೋಶಗಳು ಉಬ್ಬುವುದೋ, ಹೊಸವು ಹುಟ್ಟುವುದೋ ಎಂದು ನೀವು ಕೇಳಿಲ್ಲ, ಆದರೂ ಅದು ಮುಂದಿನ ಮಾತಿಗೆ ಅಗತ್ಯ. 2008ರಲ್ಲಿ ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ತಂಡ, 1950–60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿ ನಮ್ಮ ಡಿಎನ್‌ಎಯಲ್ಲೂ ಗುರುತುಳಿಸಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಅಳೆದು ಕೊಬ್ಬಿನ ಜೀವಕೋಶಗಳ ವಯಸ್ಸನ್ನು ಕಂಡುಹಿಡಿಯಿತು. ಪ್ರತಿವರ್ಷ ಸುಮಾರು ಶೇ. 10 ಜೀವಕೋಶಗಳು ಸತ್ತು ಅಷ್ಟೇ ಹೊಸವು ಬರುತ್ತವೆ. ಒಟ್ಟು ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲಿ ನಿಗದಿಯಾಗಿ, ವಯಸ್ಕರಲ್ಲಿ ತೂಕ ಇಳಿದರೂ ಹೆಚ್ಚೂಕಡಿಮೆ ಹಾಗೇ ಉಳಿಯುತ್ತದೆ. ಆದರೆ ಇದು ಎಲ್ಲ ಜಾಗಕ್ಕೂ ಒಂದೇ ಎಂದು ಭಾವಿಸುವುದು ಸರಿಯಲ್ಲ. 2010ರ ಇನ್ನೊಂದು ಅಧ್ಯಯನದಲ್ಲಿ ವಯಸ್ಕರಿಗೆ ಎಂಟು ವಾರ ಹೆಚ್ಚು ಆಹಾರ ಕೊಟ್ಟಾಗ ಹೊಟ್ಟೆಯ ಚರ್ಮದಡಿಯ ಜೀವಕೋಶಗಳು ಉಬ್ಬಿದವು, ತೊಡೆಗಳಲ್ಲಾದರೋ ಹೊಸ ಜೀವಕೋಶಗಳೇ ಹುಟ್ಟಿದವು. ದೇಹದ ಕೆಳಭಾಗಕ್ಕೆ ಸೇರಿದ 1.6 ಕಿಲೋ ಕೊಬ್ಬಿಗಾಗಿ ಸುಮಾರು 260 ಕೋಟಿ ಹೊಸ ಜೀವಕೋಶಗಳು ಎಂದು ಆ ಅಧ್ಯಯನದ ಸಂಶೋಧಕರು ಲೆಕ್ಕಹಾಕಿದರು. ತೊಡೆ ಹೊಸ ಕೋಣೆ ಕಟ್ಟುತ್ತದೆ, ಹೊಟ್ಟೆ ಇದ್ದ ಕೋಣೆಯಲ್ಲೇ ತುರುಕುತ್ತದೆ.

ಅಪಾಯದ ಪ್ರಶ್ನೆಗೆ ಉತ್ತರ ಈ ತುರುಕುವಿಕೆಯಲ್ಲಿದೆ. ಫ್ರಾನ್ಸಿನ ಮಾರ್ಸೇಯ ವೈದ್ಯ ಜಾನ್ ವಾಗ್ 1947ರಷ್ಟು ಹಿಂದೆಯೇ, ಬೊಜ್ಜಿನ ಪ್ರಮಾಣಕ್ಕಿಂತ ಅದು ದೇಹದ ಮೇಲ್ಭಾಗದಲ್ಲಿದೆಯೋ ಕೆಳಭಾಗದಲ್ಲಿದೆಯೋ ಎಂಬುದನ್ನು ನೋಡಿ ರೋಗವನ್ನು ಊಹಿಸಬಹುದು ಎಂದು ಹೇಳಿದ್ದರು. ಇಂದು ಅದನ್ನು ಅಸಂಖ್ಯ ಜನರಲ್ಲಿ ಪರೀಕ್ಷಿಸಲಾಗಿದೆ: ಒಂದೇ ತೂಕದವರಲ್ಲಿ ಹೊಟ್ಟೆ ದೊಡ್ಡದಿದ್ದರೆ ಮಧುಮೇಹ, ಹೃದಯಾಘಾತದ ಸಂಭವ ಹೆಚ್ಚು, ಸೊಂಟ ತೊಡೆಗಳು ತುಂಬಿದ್ದರೆ ಕಡಿಮೆ. ಒಳಹೊಟ್ಟೆಯ ಕೊಬ್ಬಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರವಾಗಿ ಯಕೃತ್ತಿಗೆ ಹೋಗುವುದರಿಂದ ಅಲ್ಲಿಂದ ಹೊರಟ ಕೊಬ್ಬಿನಾಮ್ಲಗಳು ಯಕೃತ್ತಿನ ಮೇಲೆ ಮೊದಲು ಬೀಳುತ್ತವೆ ಎಂಬುದು ಒಂದು ವಿವರಣೆ. ಇದು ನಿಜ, ಆದರೆ ಪೂರ್ತಿ ಅಲ್ಲ; ರಕ್ತದಲ್ಲಿ ಸುತ್ತುವ ಕೊಬ್ಬಿನಾಮ್ಲಗಳಲ್ಲಿ ದೊಡ್ಡ ಪಾಲು ಬರುವುದು ದೇಹದ ಮೇಲ್ಭಾಗದ ಚರ್ಮದಡಿಯ ಕೊಬ್ಬಿನಿಂದ. ನನಗೆ ಹೆಚ್ಚು ಸಮಂಜಸವೆನಿಸುವ ವಿವರಣೆ ಇದು: ಚರ್ಮದಡಿಯ ಉಗ್ರಾಣ ಇನ್ನಷ್ಟು ಹಿಗ್ಗಲಾರದ ಸ್ಥಿತಿಗೆ ಬಂದಾಗ ಕೊಬ್ಬು ತನಗೆ ಸಲ್ಲದ ಕಡೆಗೆ ಉಕ್ಕಿ ಹರಿಯುತ್ತದೆ. ಒಳಹೊಟ್ಟೆಗೆ, ಯಕೃತ್ತಿಗೆ, ಸ್ನಾಯುಗಳಿಗೆ, ಮೇದೋಜೀರಕ ಗ್ರಂಥಿಗೆ ಅದು ಸೇರಿದಾಗ ಯಕೃತ್ತು, ಸ್ನಾಯುಗಳು ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನಾದ ಇನ್ಸುಲಿನ್‌ನ ಮಾತು ಕೇಳುವುದನ್ನು ಬಿಡುತ್ತವೆ. ದೊಡ್ಡ ಹೊಟ್ಟೆ ಆ ಉಕ್ಕಿ ಹರಿಯುವಿಕೆಯ ಕುರುಹು.

ಇದಕ್ಕೆ ಎರಡು ಕಡೆಯಿಂದ ಬೆಂಬಲವಿದೆ. ಹುಟ್ಟಿನಿಂದಲೇ ಕೊಬ್ಬಿನ ಅಂಗಾಂಶ ಇಲ್ಲದ ಅಪರೂಪದ ಮಕ್ಕಳಿದ್ದಾರೆ. ಕೊಬ್ಬೇ ಇಲ್ಲದ ಮೇಲೆ ಅವರು ಆರೋಗ್ಯವಂತರಾಗಿರಬೇಕು ಎಂದು ಅನ್ನಿಸಬಹುದು. ಆದರೆ ಇಡಲು ಜಾಗವಿಲ್ಲದ ಕೊಬ್ಬು ಯಕೃತ್ತಿನಲ್ಲೂ ರಕ್ತದಲ್ಲೂ ತುಂಬಿ ಎಳೆವಯಸ್ಸಿಗೇ ತೀವ್ರ ಮಧುಮೇಹ ಬರುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ 1994ರಲ್ಲಿ ಕಂಡುಹಿಡಿದ ಲೆಪ್ಟಿನ್, ಅಂದರೆ ಕೊಬ್ಬಿನ ಜೀವಕೋಶಗಳೇ ಸ್ರವಿಸಿ ಮೆದುಳಿಗೆ ದಾಸ್ತಾನಿನ ಸುದ್ದಿ ಮುಟ್ಟಿಸುವ ಹಾರ್ಮೋನು, ಇಂತಹವರಿಗೆ ಚುಚ್ಚುಮದ್ದಾಗಿ ಕೊಟ್ಟಾಗ ಗಣನೀಯ ಸುಧಾರಣೆ ಕಾಣುತ್ತದೆ. ಇನ್ನೊಂದು ಕಡೆ, 2004ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕ್ಲೈನ್ ತಂಡ ಬೊಜ್ಜಿನ ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಲೈಪೊಸಕ್ಷನ್ ಮೂಲಕ ಸುಮಾರು 10 ಕಿಲೋ ಕೊಬ್ಬನ್ನು ತೆಗೆದು, ಮೂರು ತಿಂಗಳೊಳಗೆ ಮತ್ತೆ ಪರೀಕ್ಷಿಸಿತು. ಹೊಟ್ಟೆಯ ಸುತ್ತಳತೆ ಇಳಿದಿತ್ತು. ರಕ್ತದೊತ್ತಡ, ಇನ್ಸುಲಿನ್‌ಗೆ ಸ್ಪಂದನೆ ಇವುಗಳಲ್ಲಿ ಸುಧಾರಣೆ ಇರಲಿಲ್ಲ. ಅಷ್ಟೇ ಕೊಬ್ಬನ್ನು ಆಹಾರ ಮಿತಗೊಳಿಸಿ ಇಳಿಸಿದ್ದರೆ ಇವೆಲ್ಲವೂ ಸುಧಾರಿಸುತ್ತಿದ್ದವು, ಏಕೆಂದರೆ ಆಗ ಯಕೃತ್ತು ಮತ್ತು ಒಳಹೊಟ್ಟೆಯ ಕೊಬ್ಬೂ ಇಳಿಯುತ್ತಿತ್ತು. ದಕ್ಷಿಣ ಏಷ್ಯಾ ಮೂಲದ ಅನೇಕರಲ್ಲಿ ತೂಕ ಅಷ್ಟೇನೂ ಹೆಚ್ಚಿಲ್ಲದಿದ್ದರೂ ಮಧುಮೇಹ ಬೇಗ ಬರುವುದನ್ನೂ ಈ ಉಗ್ರಾಣದ ಕಿರಿದಾದ ಅಳತೆಯಿಂದ ಭಾಗಶಃ ವಿವರಿಸಲಾಗುತ್ತದೆ.

ಇನ್ನು ನಿಮ್ಮ ಆರು ತಿಂಗಳ ವ್ಯಾಯಾಮ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಬಲವಾಗುತ್ತದೆ, ಬೆನ್ನಿಗೂ ಆಧಾರ ಸಿಗುತ್ತದೆ. ಆದರೆ ಸ್ನಾಯು ತನ್ನ ಪಕ್ಕದ ಕೊಬ್ಬನ್ನು ನೇರವಾಗಿ ತಿನ್ನುವುದಿಲ್ಲ. ಇಡೀ ದೇಹದಿಂದ ರಕ್ತಕ್ಕೆ ಬಂದ ಕೊಬ್ಬಿನಾಮ್ಲಗಳನ್ನು ಅದು ಬಳಸಿಕೊಳ್ಳುತ್ತದೆ. ಎಲ್ಲಿಂದ ಎಷ್ಟು ಬರಬೇಕೆಂಬುದನ್ನು ಮೊದಲು ಹೇಳಿದ ಗ್ರಾಹಕಗಳೇ ನಿರ್ಣಯಿಸುತ್ತವೆ. ಮುಖದಲ್ಲಿ ಇರುವ ಕೊಬ್ಬಿನ ಪ್ರಮಾಣವೇ ಅಲ್ಪ, ಚರ್ಮವೂ ತೆಳು, ಹಾಗಾಗಿ ಸ್ವಲ್ಪ ಇಳಿದರೂ ಕನ್ನಡಿ ತಕ್ಷಣ ಹೇಳುತ್ತದೆ. ಹೊಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇಳಿದಿದ್ದರೂ ಕಣ್ಣಿಗೆ ಕಾಣದೆ ಹೋಗಬಹುದು, ಅದರಲ್ಲೂ ಇಳಿದದ್ದು ಸ್ನಾಯುಗಳ ಗೋಡೆಯ ಹಿಂದಿನ ಒಳಕೊಬ್ಬಾಗಿದ್ದರೆ. ತೂಕ ಇಳಿಯತೊಡಗಿದಾಗ ಮೊದಲ ಹಂತದಲ್ಲಿ, ತನ್ನ ಪ್ರಮಾಣಕ್ಕೆ ಹೋಲಿಸಿದರೆ ಒಳಕೊಬ್ಬೇ ಹೆಚ್ಚು ಕರಗುತ್ತದೆ. ಬೇಗ ನಡೆಯುವುದು, ಈಜುವುದು, ಸೈಕಲ್ ತುಳಿಯುವುದು ಇಂತಹ ಉಸಿರು ಏರುವ ವ್ಯಾಯಾಮದಿಂದ ತೂಕ ಅಷ್ಟಾಗಿ ಬದಲಾಗದಿದ್ದರೂ ಒಳಕೊಬ್ಬು ಇಳಿಯುವುದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಹೊಟ್ಟೆಯ ಸ್ವಭಾವದಲ್ಲಿ ಈ ಒಂದು ಅನುಕೂಲವೂ ಇದೆ: ಅಕ್ಕನ ತೊಡೆಗಿಂತ ಅದು ಬೇಗ ಒಪ್ಪಿಕೊಳ್ಳುತ್ತದೆ. ಹಾಗಾಗಿ ಹೊಟ್ಟೆಯ ವ್ಯಾಯಾಮವನ್ನು ಬಿಡಬೇಡಿ, ಅದರ ಜೊತೆಗೆ ವಾರದ ಹೆಚ್ಚಿನ ದಿನಗಳಲ್ಲಿ ಅರ್ಧ ಗಂಟೆ ಚುರುಕಾದ ನಡಿಗೆಯನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಕರಗಿದ ಕೊಬ್ಬು ಬೆವರಾಗಿ ಹೋಗುತ್ತದೆ ಎನ್ನುವವರ ಮಾತಿಗೆ ಮರುಳಾಗಬೇಡಿ. 10 ಕಿಲೋ ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನ ಮೂಲಕವೇ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ.

ಕನ್ನಡಿಯ ಬದಲು ಅಳತೆಯ ಟೇಪನ್ನು ನಂಬಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟಾದ ಮೇಲೆ, ಟೇಪು ಚರ್ಮಕ್ಕೆ ತಾಗುವಂತೆ ಆದರೆ ಒತ್ತದಂತೆ ಹಿಡಿದು ಅಳೆಯಿರಿ. ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆಯಿದ್ದರೆ ಹೊಟ್ಟೆಯ ಆಕಾರ ನಿಮಗೆ ಹಿಡಿಸದಿದ್ದರೂ ವೈದ್ಯಕೀಯವಾಗಿ ಆತಂಕವಿಲ್ಲ. ಅರ್ಧವನ್ನು ದಾಟಿದ್ದರೆ ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್, ರಕ್ತದೊತ್ತಡ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಅಕ್ಕನಿಗೂ ಹೇಳಿ, ಏಕೆಂದರೆ ತೊಡೆಯ ಕೊಬ್ಬು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಕೆಲವೇ ತಿಂಗಳಲ್ಲಿ ಹೊಟ್ಟೆ ಉಬ್ಬಿ ಕೈಕಾಲು ಸಣ್ಣಗಾಗಿದ್ದರೆ, ಚರ್ಮದ ಮೇಲೆ ಅಗಲವಾದ ನೇರಳೆ ಗೆರೆಗಳು ಮೂಡಿದ್ದರೆ, ಅಥವಾ ಮೇಲೇಳುವಾಗ ತೊಡೆಗಳಲ್ಲಿ ಶಕ್ತಿ ಸಾಲದೆನಿಸಿದರೆ ಕಾಯದೆ ವೈದ್ಯರನ್ನು ಕಾಣಿ. ಅದು ಕಾರ್ಟಿಸಾಲ್‌ಗೆ ಸಂಬಂಧಿಸಿದ ತೊಂದರೆಯಾಗಿರಬಹುದು, ಮತ್ತು ಅದಕ್ಕೆ ಚಿಕಿತ್ಸೆಯಿದೆ.